ಪೋಸ್ಟರಿನಲ್ಲಿ ಕನ್ನಡ ಯಾಕೆ ಇಷ್ಟು ಸಣಕಲು?

ರಾಜ್ಯೋತ್ಸವಕ್ಕೆ ಮೆಸ್ ಬಾಗಿಲಿಗೆ ಅಂಟಿಸಿದ್ದ ಪೋಸ್ಟರ್ ನೆನಪಿದೆಯಾ? ಅದನ್ನ ಮಾಡಿದ್ದು ನಾನೇ. ಮೇಲೆ ಇಂಗ್ಲಿಷಿನಲ್ಲಿ ಕಾಲೇಜಿನ ಹೆಸರು, ಕೌಬಾಯ್ ಸಿನಿಮಾದ 'ವಾಂಟೆಡ್' ಪೋಸ್ಟರ್ ಥರ ದಪ್ಪಗೆ. ಕೆಳಗೆ 'ಕನ್ನಡ ರಾಜ್ಯೋತ್ಸವ' ಅಂತ, ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದ ತುಂಗಾ ಫಾಂಟಿನಲ್ಲಿ. ರೂಮ್‌ಮೇಟ್ ಹತ್ತು ಹೆಜ್ಜೆ ದೂರ ನಿಂತು ಕೇಳಿದ: "ಕನ್ನಡ ಎಲ್ಲಿದೆ ಮಗಾ?"

ಆ ದಪ್ಪ ಅಕ್ಷರಕ್ಕೆ ಸ್ಲ್ಯಾಬ್ ಸೆರಿಫ್ ಅಂತಾರೆ. ಅಕ್ಷರದ ಗೆರೆ ಮುಗಿಯುವಲ್ಲಿ ಇರುವ ಪುಟ್ಟ ಪಾದ ಸೆರಿಫ್. ಆ ಪಾದ ಚಪ್ಪಡಿಯಷ್ಟು ದಪ್ಪ ಇದ್ದರೆ ಸ್ಲ್ಯಾಬ್ (ಸಿವಿಲ್‌ನವರಿಗೆ ವಿವರಿಸಬೇಕಿಲ್ಲ). ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಶುರುವಿನ ಲಂಡನ್ನಿನಲ್ಲಿ. ಆಗ ಜಾಹೀರಾತು ಗೋಡೆಗೆ ಬಂದಿತ್ತು, ಬೀದಿಯಲ್ಲಿ ಹೋಗೋರು ದೂರದಿಂದಲೇ ಓದಬೇಕಿತ್ತು. ಅಚ್ಚುಮೊಳೆ ಮಾಡುವವರು ಪುಸ್ತಕದ ಅಕ್ಷರವನ್ನೇ ಹಿಗ್ಗಿಸಿ ಸುಮ್ಮನಾಗಲಿಲ್ಲ, ಗೋಡೆಗೆ ಅಂತಲೇ ಬೇರೆ ಅಕ್ಷರ ಕೆತ್ತಿದರು. 1845ರಲ್ಲಿ ರಾಬರ್ಟ್ ಬೆಸ್ಲಿ 'ಕ್ಲಾರೆಂಡನ್' ಅನ್ನೋ ಅಕ್ಷರವನ್ನು ಕಾನೂನಿನ ಪ್ರಕಾರ ನೋಂದಾಯಿಸಿದ. ರಕ್ಷಣೆ ಇದ್ದದ್ದು 3 ವರ್ಷ ಮಾತ್ರ. ಅದು ಮುಗಿದಿದ್ದೇ ತಡ, ಬೇರೆಯವರೆಲ್ಲ ನಮ್ಮ ಅಸೈನ್‌ಮೆಂಟ್ ಥರ ಕಾಪಿ ಹೊಡೆದರು! ಅಮೆರಿಕದಲ್ಲಿ 1827ರಲ್ಲೇ ಡೇರಿಯಸ್ ವೆಲ್ಸ್ ಮರದ ಅಚ್ಚುಗಳನ್ನು ಯಂತ್ರದಲ್ಲಿ ಕೊರೆಯೋಕೆ ಶುರು ಮಾಡಿದ್ದ. ಸೀಸಕ್ಕಿಂತ ಹಗುರ, ಅಗ್ಗ. ಹಾಗಾಗಿ ಪೋಸ್ಟರಿನ ಅಕ್ಷರ ಇನ್ನೂ ದೊಡ್ಡದಾಯ್ತು.

ಸರಿ, ಕನ್ನಡಕ್ಕೂ ಚಪ್ಪಡಿ ಅಂಟಿಸಿಬಿಡೋಣ ಅಂತ ಒಂದು ರಾತ್ರಿ ಕೂತೆ. 'ರ'ಕ್ಕೆ ಎಲ್ಲಿ ಪಾದ ಇಡ್ತೀರಿ? ಅದು ಪೂರ್ತಿ ಗುಂಡಗಿದೆ. ಇಟ್ಟ ಮೇಲೆ ಕಾಲು ಬಂದ ಕುಂಬಳಕಾಯಿ ಥರ ಕಾಣಿಸ್ತು. ಆಮೇಲೆ ಸುತ್ತ ಔಟ್‌ಲೈನ್ ಕೊಟ್ಟು ದಪ್ಪ ಮಾಡಿದೆ. 'ಣ'ದ ಒಳಗಿನ ಜಾಗವೆಲ್ಲ ಮುಚ್ಚಿಹೋಯ್ತು. 'ರಾಜ್ಯೋತ್ಸವ'ದ ಒತ್ತಕ್ಷರಗಳು ಕೆಳಗಿನ ಸಾಲಿಗೆ ಹೋಗಿ ತಾಗಿದವು.

ನಾನು ಹೇಳೋದಿಷ್ಟು: ನಮಗೆ ಬೇಕಿರೋದು ಕನ್ನಡದ ಸ್ಲ್ಯಾಬ್ ಸೆರಿಫ್ ಅಲ್ಲ. ಗೋಡೆಗೆ ಅಂತಲೇ ಮಾಡಿದ ಕನ್ನಡ ಅಕ್ಷರ. ಏಕ್ ಟೈಪ್‌ನವರ 'ಬಲೂ ತಮ್ಮ' ಇದೆ, ಉಚಿತ, ಚೆನ್ನಾಗಿ ದಪ್ಪ ಇದೆ. ಆದರೆ ಅದರ ಸ್ವಭಾವ ಮುದ್ದು. ಮಕ್ಕಳ ಹಬ್ಬಕ್ಕೆ ಸರಿ, ನಾಟಕದ ಪೋಸ್ಟರಿಗೆ ಒಗ್ಗಲ್ಲ. ಹಳೇ ಕಾಲದ ಗತ್ತು ಬೇಕಿದ್ದರೆ ಲಂಡನ್ನಿಗೆ ಯಾಕೆ ಹೋಗಬೇಕು? ಹಳೇ ಕನ್ನಡ ಸಿನಿಮಾ ಪೋಸ್ಟರ್ ನೋಡಿ, ಲಾರಿ ಹಣೆ ಮೇಲಿನ ಹೆಸರು ನೋಡಿ. ಅಲ್ಲಿ ಬ್ರಶ್ ಹಿಡಿದವರು ತಲೆಕಟ್ಟನ್ನೇ ದಪ್ಪ ಮಾಡಿ, ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೀತಾರೆ.

ಇದನ್ನೆಲ್ಲ ಇಂಗ್ಲಿಷ್ ಮೀಡಿಯಂ ಹುಡುಗ ಯಾಕೆ ಹೇಳ್ತಿದ್ದಾನೆ ಅಂತೀರಾ? ನಾನು ಕನ್ನಡ ಓದೋದು ಇವತ್ತಿಗೂ ನಿಧಾನ. ಅಕ್ಷರ ತೆಳ್ಳಗಿದ್ದರೆ ಕಣ್ಣು ತಾನಾಗೇ ಪಕ್ಕದ ಇಂಗ್ಲಿಷಿಗೆ ಜಾರುತ್ತೆ. ನನ್ನಂಥೋರು ಕ್ಯಾಂಪಸ್ಸಿನಲ್ಲಿ ಕಡಿಮೆ ಏನಿಲ್ಲ.

ಮುಂದಿನ ನಾಟಕದ ಪೋಸ್ಟರಿಗೆ ಹೆಸರನ್ನ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡ್ತೀನಿ. ನನ್ನ ಕೈಬರಹ ಪಾಸ್ ಮಾರ್ಕಿನದು. ಬ್ರಶ್ ಹಿಡಿಯೋಕೆ ಬರೋರು ಸಂಜೆ ಸಂಘದ ರೂಮಿನ ಹತ್ತಿರ ಸಿಗಿ, ಬಣ್ಣ ನಂದು.