ಕಲೆಗೆ ಅನ್ನವಿಟ್ಟ ಜಾತ್ರೆ

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಸೀಮೆಯ ಹಾದಿಗಳೆಲ್ಲ ಚೊಳಚಗುಡ್ಡದತ್ತ ತಿರುಗುತ್ತವೆ. ಪುಷ್ಯ ಮಾಸದ ಆ ದಿನ ಬನಶಂಕರಿಯ ತೇರು. ಬೇರೆ ಊರುಗಳಲ್ಲಿ ತೇರು ಎಳೆದರೆ ಜಾತ್ರೆ ಮುಗಿಯಿತು. ಇಲ್ಲಿ ಶುರುವಾಗುವುದೇ ಆಮೇಲೆ. ಮುಂದಿನ ಮೂರು-ನಾಲ್ಕು ವಾರ ಆ ಬಯಲಿನಲ್ಲಿ ಬಳೆ, ಬೆಂಡು-ಬೆತ್ತಾಸು, ಕೆತ್ತನೆಯ ಬಾಗಿಲು ಚೌಕಟ್ಟು, ಮಿರ್ಚಿ ಭಜಿ ಎಲ್ಲವೂ ಇರುತ್ತವೆ. ಇವೆಲ್ಲಕ್ಕಿಂತ ಎತ್ತರದಲ್ಲಿ ಎದ್ದು ನಿಲ್ಲುವುದು ನಾಟಕ ಕಂಪನಿಗಳ ತಗಡಿನ ಥೇಟರುಗಳು.

ಈ ಜಾತ್ರೆಯಲ್ಲಿ ತಿರುಗಾಡುವಾಗೆಲ್ಲ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಅರಸರು ಹೋದ ಮೇಲೆ ಉತ್ತರ ಕರ್ನಾಟಕದಲ್ಲಿ ಕಲಾವಿದರನ್ನು ಸಾಕಿದವರು ಯಾರು? ಉತ್ತರ ಅಲ್ಲಿಯೇ ಟಿಕೆಟ್ ಕಿಂಡಿಯ ಮುಂದೆ ಸಾಲುಗಟ್ಟಿ ನಿಂತಿರುತ್ತದೆ.

ಬನಶಂಕರಿಗೆ ಶಾಕಾಂಬರಿ ಎಂಬ ಹೆಸರೂ ಉಂಟು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಹುಟ್ಟಿಸಿ ಜನರ ಹಸಿವು ಹಿಂಗಿಸಿದವಳು ಎನ್ನುತ್ತದೆ ಪುರಾಣ. ತೇರಿನ ಹಿಂದಿನ ದಿನ ಪಲ್ಯೇದ ಹಬ್ಬ. 108 ಬಗೆಯ ಪಲ್ಯ ದೇವಿಗೆ ನೈವೇದ್ಯ. ಮಳೆಯನ್ನೇ ನಂಬಿ ಬಿತ್ತುವ ಜನ ಅನ್ನವನ್ನು ದೈವವೆಂದು ಕೈಮುಗಿದ ಬಗೆ ಇದು. ಗುಡಿಯ ಆವರಣದಲ್ಲಿ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ‘ಬರ್ರಿ ಯಪ್ಪಾ, ರೊಟ್ಟಿ ಉಂಡು ಹೋಗ್ರಿ’ ಎಂದು ಕರೆಯುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಮಡಕೆಯಲ್ಲಿ ಹೆಪ್ಪುಗಟ್ಟಿದ ಕೆನೆಮೊಸರು. ಮಾರಾಟವೇ ಆದರೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಎಂಬ ಒತ್ತಾಯ ಮನೆಯದೇ.

ಊಟವಾದ ಮೇಲೆ ಆಟ. ತೇರಿನ ರಾತ್ರಿ ಒಂದರ ಹಿಂದೊಂದು ಪ್ರಯೋಗ ಬೆಳತನಕ ನಡೆಯುತ್ತದೆ. ಕಂಪನಿಗಳ ಪಾಲಿಗೆ ಬನಶಂಕರಿ ಜಾತ್ರೆಯೆಂದರೆ ಸುಗ್ಗಿ. ಇಲ್ಲಿ ಕೈಸೇರಿದ ಹಣದ ಮೇಲೆ ಮುಂದಿನ ಊರು, ಮುಂದಿನ ಕ್ಯಾಂಪು ನಿಂತಿರುತ್ತದೆ. ಕೊರೋನಾ ಕಾಲದಲ್ಲಿ ಜಾತ್ರೆ ನಿಂತಾಗ ನಟರು, ಹಾರ್ಮೋನಿಯಂ ಮಾಸ್ತರರು, ಪರದೆ ಎಳೆಯುವವರು ಎಲ್ಲರ ಮನೆಯ ಒಲೆಗೂ ಅದರ ಬಿಸಿ ತಟ್ಟಿತು.

ಈ ತಗಡಿನ ಥೇಟರಿನಿಂದ ನಾಡಿಗೆ ಬಂದದ್ದು ಸಣ್ಣದಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿದ್ದಾಗ ಹಾಡಿ ನಟಿಸಿದ್ದು ನಾಟಕ ಕಂಪನಿಯಲ್ಲಿ. ರಂಗನಟ ಏಣಗಿ ಬಾಳಪ್ಪನವರ ಕಂಠ ಪಳಗಿದ್ದೂ ಅಂಥದೇ ರಂಗದ ಮೇಲೆ. ಪಿ.ಬಿ. ಧುತ್ತರಗಿಯವರ ನಾಟಕ ‘ಸಂಪತ್ತಿಗೆ ಸವಾಲ್’ ಕಂಪನಿಗಳಲ್ಲಿ ಜನ ಮೆಚ್ಚಿದ ಮೇಲೆ 1974ರಲ್ಲಿ ಸಿನಿಮಾ ಆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯಂತೂ ಮನಸ್ಸು ತುಂಬುವಂಥದ್ದು. ಅಂಧ ಮಕ್ಕಳಿಗೆ ಅನ್ನ ಮತ್ತು ಸಂಗೀತ ಎರಡನ್ನೂ ಕೊಡುವ ಆ ಆಶ್ರಮ ತನ್ನದೇ ನಾಟ್ಯಸಂಘ ಕಟ್ಟಿತು. ಆಶ್ರಮದ ಗುರು ಪುಟ್ಟರಾಜ ಗವಾಯಿಗಳು ಆ ಸಂಘಕ್ಕಾಗಿ ನಾಟಕ ಬರೆದರು. ಮುಂದಿನ ಸಾಲಿನಲ್ಲಿ ಕೂತು ನಕ್ಕ ರೈತನೊಬ್ಬನ ಟಿಕೆಟ್ಟಿನ ಹಣ ಎಲ್ಲೋ ಒಬ್ಬ ಹುಡುಗನ ತಂಬೂರಿಗೆ ತಂತಿಯಾಗಿದೆ.

ಸರ್ಕಾರಿ ಉತ್ಸವಗಳೂ ಬೇಕು. ಇದೇ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಚಾಲುಕ್ಯ ಉತ್ಸವ ನಡೆದಾಗ ದೊಡ್ಡ ಕಲಾವಿದರು ಬರುತ್ತಾರೆ, ಗೌರವಧನ ಸಿಗುತ್ತದೆ. ಆದರೆ ಅದರ ದಿನ, ದುಡ್ಡು ಎರಡೂ ಕಡತದಲ್ಲಿ ನಿರ್ಧಾರವಾಗುತ್ತವೆ. ಜಾತ್ರೆಯ ದಿನಕ್ಕೆ ಯಾರ ಅಪ್ಪಣೆಯೂ ಬೇಡ. ಹುಣ್ಣಿಮೆ ಬಂದರೆ ಸಾಕು. ನೋಡುಗನೇ ಪೋಷಕನಾದಲ್ಲಿ ಕಲಾವಿದ ನೆಟ್ಟಗೆ ನಿಂತು ಹಾಡುತ್ತಾನೆ.

ಈಗಿನ ಕಂಪನಿ ನಾಟಕಗಳಲ್ಲಿ ದ್ವಂದ್ವಾರ್ಥದ ಮಾತು ಹೆಚ್ಚಾಯಿತೆಂದು ಮೂಗು ಮುರಿಯುವವರು ಬಹಳ. ದೂರು ಸುಳ್ಳಲ್ಲ. ಆದರೆ ಓದಿದವರು, ಸಂಸಾರಸ್ಥರು ಥೇಟರಿನಿಂದ ಎದ್ದು ಟಿವಿಯ ಮುಂದೆ ಕೂತರು. ಉಳಿದವರ ರುಚಿಗೆ ಕಂಪನಿ ಬಗ್ಗಿತು. ಹೊಟ್ಟೆಪಾಡಿಗಾಗಿ ಆಡುವವನು ಎದುರಿಗೆ ಕೂತವರ ಮುಖ ನೋಡಿ ಆಡುತ್ತಾನೆ. ಒಳ್ಳೆಯ ನಾಟಕ ಬೇಕೆನ್ನುವವರು ಮೊದಲು ಅಲ್ಲಿ ಹೋಗಿ ಕೂರಬೇಕು, ಒಳ್ಳೆಯ ಮಾತಿಗೆ ಚಪ್ಪಾಳೆ ತಟ್ಟಬೇಕು, ಕೆಟ್ಟದ್ದಕ್ಕೆ ಸುಮ್ಮನಿರಬೇಕು. ನಾಟಕದ ಭಾಷೆಯನ್ನು ತಿದ್ದಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣದು.

ಈ ಸಲ ಮಕ್ಕಳನ್ನೂ ಕರೆದುಕೊಂಡು ಬನಶಂಕರಿಗೆ ಹೋಗಿ. ಬುಟ್ಟಿಯ ಅವ್ವ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟು ಉಣ್ಣಿ. ಸಂಜೆ ಪಾಸು ಕೇಳದೆ ಟಿಕೆಟ್ ಕೊಂಡು ಒಂದು ನಾಟಕವನ್ನು ಕೊನೆಯ ಸೀನಿನವರೆಗೂ ನೋಡಿ. ನಮ್ಮ ಅಜ್ಜಂದಿರು ಸುಗ್ಗಿಯ ದುಡ್ಡಿನಲ್ಲಿ ಒಂದು ಪಾಲು ಕಲೆಗೆ ಎತ್ತಿಟ್ಟಿದ್ದರಿಂದಲೇ ಮನಸೂರರಂಥವರು ನಮಗೆ ದಕ್ಕಿದರು. ಮುಂದಿನವರಿಗೆ ಏನು ದಕ್ಕಬೇಕೆಂಬುದು ಈಗ ನಮ್ಮ ಜೇಬಿಗೆ ಬಿಟ್ಟ ಮಾತು.