ವೇಷ ಮುಗಿದ ಮೇಲೆ

ಕಾಗದದ ಗೊಂಬೆಗೆ ಕಾಗದದ ಅಂಗಿ ತೊಡಿಸುವ ಆಟ ಕಂಪ್ಯೂಟರಿನ ಪರದೆಗೂ ಬಂದಿದೆ. ಕೂದಲು, ಉಡುಪು, ಬೂಟು ಒಂದೊಂದೂ ಬೇರೆ ಬೇರೆ ಚಿತ್ರ. ಒಂದರ ಮೇಲೊಂದು ಕೂರಿಸಿದರೆ ಬೇಕಾದ ತಾರೆ ಸಿದ್ಧ.

1970ರ ದಶಕದ ಕೊನೆಯ ಅಮೆರಿಕದ ತಾರೆಯರು ಈ ಆಟಕ್ಕೆ ಹೇಳಿ ಮಾಡಿಸಿದಂತಿದ್ದಾರೆ. 1977ರ 'ಸ್ಟಾರ್ ವಾರ್ಸ್' ಚಿತ್ರದ ರಾಜಕುಮಾರಿ ಲಿಯಾಗೆ ನೀಳವಾದ ಬಿಳಿ ನಿಲುವಂಗಿ, ಕಿವಿಗಳ ಮೇಲೆ ಎರಡು ದುಂಡು ತುರುಬು ಸಾಕು. ಅದೇ ವರ್ಷದ 'ಆನೀ ಹಾಲ್' ಚಿತ್ರದ ಡಯೇನ್ ಕೀಟನ್ ಬೇಕೆಂದರೆ ಹ್ಯಾಟು, ಟೈ, ವೇಸ್ಟ್‌ಕೋಟು, ಸಡಿಲ ಪ್ಯಾಂಟು. 'ಬ್ಲಾಂಡಿ' ತಂಡದ ಗಾಯಕಿ ಡೆಬ್ಬಿ ಹ್ಯಾರಿಗೆ 1978ರ 'ಪ್ಯಾರಲಲ್ ಲೈನ್ಸ್' ಧ್ವನಿಮುದ್ರಿಕೆಯ ಹೊದಿಕೆಯಲ್ಲಿರುವ ಬಿಳಿ ಉಡುಪು. ಅಲ್ಲಿ ಕಪ್ಪು ಸೂಟಿನ ಐವರು ಗಂಡಸರು ನಗುತ್ತಿದ್ದಾರೆ; ಸೊಂಟದ ಮೇಲೆ ಕೈಯಿಟ್ಟು ನಿಂತ ಆಕೆ ನಗುವುದಿಲ್ಲ.

ಆದರೆ ಇಂಥ ಹಲವು ಆಟಗಳಲ್ಲಿ ಉಡುಪು ಬದಲಾದರೂ ಗೊಂಬೆಯ ಮೈಕಟ್ಟು ಒಂದೇ, ಅದೇ ತೆಳು ಸೊಂಟ. ಹೆಣ್ಣೆಂದರೆ ಇಷ್ಟೇ ಎಂದು ಎಳೆಯ ಮನಸ್ಸು ನಂಬಿಬಿಟ್ಟರೆ ಕಷ್ಟ. ವೇಷ ಮುಗಿದ ಮೇಲೆ ತಂದೆ ತಾಯಿ ಪಕ್ಕದಲ್ಲಿ ಕುಳಿತು, "ಈಕೆ ಮಾಡಿದ್ದೇನು?" ಎಂದು ಕೇಳಬೇಕು.

ಲಿಯಾ ತನ್ನನ್ನು ಬಿಡಿಸಲು ಬಂದವನ ಬಂದೂಕನ್ನೇ ಕಿತ್ತುಕೊಂಡು ಹೊರದಾರಿ ಮಾಡಿದವಳು. ಕೀಟನ್ ಆ ಪಾತ್ರಕ್ಕೆ ಶ್ರೇಷ್ಠ ನಟಿ ಆಸ್ಕರ್ ಪಡೆದವರು. ಹ್ಯಾರಿ 1979ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ 'ಹಾರ್ಟ್ ಆಫ್ ಗ್ಲಾಸ್' ಹಾಡನ್ನು ಹಾಡಿದ್ದಷ್ಟೇ ಅಲ್ಲ, ಬರೆದವರಲ್ಲೂ ಒಬ್ಬರು.

ಉತ್ತರ ತಿಳಿದ ಮಗುವಿಗೆ ಆ ಟೈ, ಆ ತುರುಬು ಬರೀ ಅಲಂಕಾರವಾಗಿ ಉಳಿಯುವುದಿಲ್ಲ.