ವಿಶಾಲ ಪ್ರದೇಶ ಜಾಲದಲ್ಲಿ ತಂತ್ರಾಂಶಗಳ ವೇಗವರ್ಧನೆ

ವಿಶಾಲ ಪ್ರದೇಶ ಜಾಲದಲ್ಲಿ ತಂತ್ರಾಂಶಗಳ ವೇಗವರ್ಧನೆ ಎಂಬುದು ದೂರದೂರದ ಊರುಗಳಲ್ಲಿರುವ ಗಣಕಯಂತ್ರಗಳ ನಡುವೆ ನಡೆಯುವ ಕೆಲಸ ಬೇಗನೆ ಮುಗಿಯುವಂತೆ ಮಾಡುವ ವಿಧಾನಗಳ ಸಮೂಹ. ಒಂದು ಕಟ್ಟಡದೊಳಗಿನ ಜಾಲವನ್ನು ಸ್ಥಳೀಯ ಜಾಲವೆಂದೂ, ಜಿಲ್ಲೆ, ರಾಜ್ಯ, ದೇಶಗಳನ್ನು ಬೆಸೆಯುವ ಜಾಲವನ್ನು ವಿಶಾಲ ಪ್ರದೇಶ ಜಾಲ ಅಥವಾ ವ್ಯಾನ್ ಎಂದೂ ಕರೆಯುತ್ತಾರೆ. ಕರ್ನಾಟಕದಲ್ಲಿ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಮೊದಲಾದ ಸೇವೆಗಳು ಇಂತಹ ಜಾಲವನ್ನೇ ಅವಲಂಬಿಸಿರುವುದರಿಂದ ಇದು ಕೇವಲ ತಾಂತ್ರಿಕ ವಿಷಯವಾಗಿ ಉಳಿದಿಲ್ಲ.

ಹಿನ್ನೆಲೆ

2000ದ ಆಸುಪಾಸಿನಲ್ಲಿ ರೂಪುಗೊಂಡ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ಆರಂಭದಲ್ಲಿ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿದ್ದವು. ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ 3,334 ಕೋಟಿ ರೂಪಾಯಿಗಳ ರಾಜ್ಯವ್ಯಾಪಿ ಜಾಲ ಯೋಜನೆಗೆ ಒಪ್ಪಿಗೆ ನೀಡಿ, ಕನಿಷ್ಠ 2 ಎಂಬಿಪಿಎಸ್ ಸಾಮರ್ಥ್ಯವನ್ನು ನಿಗದಿಪಡಿಸಿತು. ಕರ್ನಾಟಕದ ಈ ಜಾಲಕ್ಕೆ ‘ಕೆಸ್ವಾನ್’ ಎಂದು ಹೆಸರು. ದಾಖಲೆಗಳು ಒಂದೆಡೆ ಸೇರಿದ್ದರಿಂದ ಎಲ್ಲಿಂದ ಬೇಕಾದರೂ ಪಹಣಿ ಪಡೆಯುವುದು ಸಾಧ್ಯವಾಯಿತು. ಆದರೆ ಪ್ರತಿಯೊಂದು ಕೋರಿಕೆಯೂ ರಾಜಧಾನಿಗೆ ಹೋಗಿ ಬರಬೇಕಾಯಿತು.

ವಿಳಂಬದ ಕಾರಣಗಳು

ರಸ್ತೆಯನ್ನು ಅಗಲಗೊಳಿಸಿದರೆ ಹೆಚ್ಚು ವಾಹನಗಳು ಸಾಗಬಹುದು. ಊರುಗಳ ನಡುವಿನ ದೂರ ಕಡಿಮೆಯಾಗದು. ಜಾಲದ ಬ್ಯಾಂಡ್‌ವಿಡ್ತ್ ರಸ್ತೆಯ ಅಗಲದಂತೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಗುಡೂರಿನಿಂದ ಬೆಂಗಳೂರಿಗೆ ತಂತುವಿನ ಉದ್ದ 500 ಕಿ.ಮೀ. ಎಂದು ಹಿಡಿದರೆ, ಹೋಗಿ ಬರಲು ಬೆಳಕಿಗೆ 5 ಮಿಲಿಸೆಕೆಂಡ್ ಸಾಕು. ನಡುವಿನ ಉಪಕರಣಗಳೂ ಮೊಬೈಲ್ ಗೋಪುರಗಳೂ ಸೇರಿ ಇದು 50 ಮಿಲಿಸೆಕೆಂಡ್ ಆಯಿತೆನ್ನೋಣ. ಒಂದು ಪುಟವನ್ನು ತೆರೆಯಲು ತಂತ್ರಾಂಶವು ಒಂದರ ನಂತರ ಒಂದರಂತೆ 200 ಸಲ ಪ್ರಶ್ನೋತ್ತರ ನಡೆಸಿದರೆ 10 ಸೆಕೆಂಡ್ ಬೇಕು. 10 ಸಲಕ್ಕೆ ಇಳಿಸಿದರೆ ಅರ್ಧ ಸೆಕೆಂಡ್ ಸಾಕು. ಭೂಸ್ಥಿರ ಉಪಗ್ರಹದ ಮೂಲಕವಾದರೆ ಒಂದು ಸಲ ಹೋಗಿ ಬರುವುದಕ್ಕೇ ಸುಮಾರು ಅರ್ಧ ಸೆಕೆಂಡ್ ಹಿಡಿಯುತ್ತದೆ.

ಪ್ರಮುಖ ವಿಧಾನಗಳು

* ಸಂಗ್ರಹ: ಪದೇ ಪದೇ ಬೇಕಾಗುವ ಚಿತ್ರ, ನಮೂನೆಗಳನ್ನು ಬಳಕೆದಾರನ ಸಮೀಪದಲ್ಲಿಯೇ ಇರಿಸುವುದು.
* ಸಂಕೋಚನ ಮತ್ತು ಪುನರಾವೃತ್ತಿ ನಿವಾರಣೆ: ದತ್ತಾಂಶವನ್ನು ಕಿರಿದಾಗಿಸುವುದು, ಒಮ್ಮೆ ಕಳುಹಿಸಿದ ಭಾಗವನ್ನು ಮತ್ತೆ ಕಳುಹಿಸದಿರುವುದು.
* ಆದ್ಯತೆ: ತುರ್ತು ಕೋರಿಕೆಗಳಿಗೆ ಮೊದಲು ದಾರಿ ಬಿಡುವುದು.
* ಪ್ರೋಟೋಕಾಲ್ ಸುಧಾರಣೆ: 2018ರ ಟಿಎಲ್‌ಎಸ್ 1.3, ಸುರಕ್ಷಿತ ಸಂಪರ್ಕದ ಆರಂಭಿಕ ಒಪ್ಪಂದಕ್ಕೆ ಬೇಕಾಗಿದ್ದ ಎರಡು ಸುತ್ತುಗಳನ್ನು ಒಂದಕ್ಕೆ ಇಳಿಸಿತು.

ಗೂಢಲಿಪಿಯಲ್ಲಿ ಸಾಗುವ ದತ್ತಾಂಶವನ್ನು ನಡುದಾರಿಯ ಉಪಕರಣವು ಓದಲಾರದು. ಆದ್ದರಿಂದ ಇಂದು ವೇಗವರ್ಧನೆಯ ಹೊಣೆ ಹೆಚ್ಚಾಗಿ ತಂತ್ರಾಂಶವನ್ನು ರಚಿಸುವವರ ಮೇಲೆಯೇ ಬಿದ್ದಿದೆ.

ಪ್ರಸ್ತುತ ಸ್ಥಿತಿಯ ವಿಶ್ಲೇಷಣೆ

‘ಸರ್ವರ್ ಇಲ್ಲ’ ಎಂಬ ಮಾತು ಗ್ರಾಮೀಣರಿಗೆ ಚಿರಪರಿಚಿತ. ಈ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳು ಅಡಗಿರುತ್ತವೆ. ತಂತು ತುಂಡಾಗಿದ್ದರೆ ದುರಸ್ತಿ ಬೇಕು. ದಾರಿ ಕಿರಿದಾಗಿದ್ದರೆ ಬ್ಯಾಂಡ್‌ವಿಡ್ತ್ ಬೇಕು. ಸುತ್ತುಗಳು ಹೆಚ್ಚಾಗಿದ್ದರೆ ತಂತ್ರಾಂಶವನ್ನು ತಿದ್ದಬೇಕು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ಕುಂಠಿತವಾದಾಗ, ದುರುದ್ದೇಶದ ಕೃತಕ ಕೋರಿಕೆಗಳ ದಾಳಿಯೇ ಕಾರಣವೆಂದು ಸರ್ಕಾರ ತಿಳಿಸಿತು. ಅಂತಹ ದಾಳಿಗೆ ಈ ಮೂರೂ ಮದ್ದಲ್ಲ. ರಕ್ಷಣಾ ವ್ಯವಸ್ಥೆಯೇ ಬೇಕು.

2011ರಲ್ಲಿ ಮಂಜೂರಾಗಿ ಬಳಿಕ ‘ಭಾರತ್‌ನೆಟ್’ ಎಂದು ಹೆಸರಾದ ಯೋಜನೆಯು ಗ್ರಾಮ ಪಂಚಾಯಿತಿಗಳಿಗೆ ತಂತುಜಾಲವನ್ನು ಒಯ್ಯುತ್ತಿದೆ. ಇದು ಅಗತ್ಯ, ಆದರೆ ಸಾಲದು. ಬೆಂಗಳೂರಿನ ಕಚೇರಿಯಲ್ಲಿ ಪರೀಕ್ಷಿಸಿದ ತಂತ್ರಾಂಶವು ಅಲ್ಲಿ ಚುರುಕಾಗಿಯೇ ಕಾಣುತ್ತದೆ. ಅದರ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಗುಡೂರಿನಂತಹ ಊರಿನ ಸೇವಾಕೇಂದ್ರದಲ್ಲಿ. ವಿಳಂಬದ ಬೆಲೆ ತೆರುವವರು ತಂತ್ರಾಂಶ ಬರೆದವರಲ್ಲ, ಸಾಲಿನಲ್ಲಿ ನಿಂತು ದಿನಗೂಲಿ ಕಳೆದುಕೊಳ್ಳುವವರು. ಸೇವೆಯ ಗುತ್ತಿಗೆಗಳಲ್ಲಿ ಬ್ಯಾಂಡ್‌ವಿಡ್ತ್‌ನ ಅಂಕಿಯೊಡನೆ, ಹಳ್ಳಿಯ ಕಿಟಕಿಯಲ್ಲಿ ಒಂದು ಪಹಣಿ ದೊರೆಯಲು ಹಿಡಿಯಬಹುದಾದ ಗರಿಷ್ಠ ಸಮಯವನ್ನೂ ನಮೂದಿಸಿದರೆ, ವೇಗದ ಅಳತೆ ಜನರ ಅನುಭವಕ್ಕೆ ಹತ್ತಿರವಾಗುತ್ತದೆ.